ಮಾಲಿನಿಯನ್ನು ನೋಡಲು ಬೇಲೂರೋ, ಹಳೇಬೀಡೋ

ಅರಸೀಕೆರೆಯಿಂದ ಬೇಲೂರಿನ ತನಕ, ಹೆಣ್ಣು ಗಂಡು ಕೂಡಿಸುವ ಕೆಲಸದಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಅವನ ಅಪ್ಪ ಅಮ್ಮನ ಮದುವೆ ಮಾಡಿಸಿದ್ದೂ ನಾನೇ ಆಗಿರುತ್ತೇನೆ. ಮೂವತ್ತೆರಡು ವರ್ಷ ಆ ದಾರಿಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಹಿಂದಿನ ಸೀಟಿನ ಹುಡುಗನಿಗೆ ಮುಂದಿನ ಸೀಟಿನ ಹುಡುಗಿಯನ್ನು ಗೊತ್ತು ಮಾಡಿ, ಜಾವಗಲ್ ಬರುವಷ್ಟರಲ್ಲಿ ಎರಡೂ ಕಡೆಯವರನ್ನು ಒಪ್ಪಿಸಿ, ಹಳೇಬೀಡಿನಲ್ಲಿ ತಾಂಬೂಲ ಬದಲಾಯಿಸಿ, ಬೇಲೂರಿನಲ್ಲಿ ಇಳಿಯುವ ಹೊತ್ತಿಗೆ ಬೀಗರು ಬೀಗರು ಜಗಳ ಶುರು ಮಾಡಿದ್ದನ್ನೂ ಕಣ್ಣಾರೆ ಕಂಡವನು ನಾನು. ಬೇಲೂರು ಗುಡಿಯ ಶಿಲಾಬಾಲಿಕೆಯರನ್ನು ಬಿಟ್ಟರೆ ಈ ಸೀಮೆಯಲ್ಲಿ ನಾನು ಗಂಡು ಹುಡುಕದ ಹೆಣ್ಣಿಲ್ಲ. ಅವರಿಗೂ ಹುಡುಕುತ್ತಿದ್ದೆ, ಜಾತಕ ಸಿಗಲಿಲ್ಲ. ಈ ಉಗ್ರಪ್ಪನ ನಾಲಿಗೆ ಒಂದಿದ್ದರೆ ಸಾಕು, ಮಿಕ್ಕಿದ್ದೆಲ್ಲ ತಾನಾಗಿ ನಡೆಯುತ್ತದೆ ಎಂದು ಹೋದ ಜನವರಿಯ ಒಂದು ಗುರುವಾರ ಮಧ್ಯಾಹ್ನದ ತನಕ ನಾನೂ ನಂಬಿದ್ದೆ, ಊರೂ ನಂಬಿತ್ತು.

ಆ ಗುರುವಾರದ ವಿಷಯ ಹೇಳುವ ಮೊದಲು ಮಾಲಿನಿಯ ವಿಷಯ ಹೇಳಬೇಕು.

ಮಾಲಿನಿ ನನ್ನ ಸ್ನೇಹಿತನ ಮಗಳು. ಅರಸೀಕೆರೆಯಲ್ಲಿ ಅವರದ್ದು ಕೊಬ್ಬರಿ ವ್ಯಾಪಾರ. ಅವಳಿಗೆ ಇಪ್ಪತ್ತೆರಡಾದಾಗ ಅಪ್ಪ ಎದೆನೋವು ಅಂತ ಅಂಗಡಿ ಕಟ್ಟೆಯ ಮೇಲೆ ಕೂತವನು ಏಳಲೇ ಇಲ್ಲ. ಹನ್ನೆರಡನೆಯ ದಿನಕ್ಕೆ ನೆಂಟರೆಲ್ಲ ಸೇರಿ ಅಂಗಡಿ ಯಾರಿಗೆ ಕೊಡುವುದು ಎಂದು ಮಾತಾಡುತ್ತಿದ್ದರೆ, ಇವಳು ಬೀಗದ ಕೈ ತಗೊಂಡು ಹೋಗಿ ಬಾಗಿಲು ತೆಗೆದಳು. ಅಷ್ಟೇ. ಒಂಬತ್ತು ವರ್ಷವಾಯಿತು, ಬಾಗಿಲು ಹಾಕಿಲ್ಲ. ಉಂಡೆ ಕೊಬ್ಬರಿ ಅಂದರೆ ಸುಮ್ಮನೆ ಆಗುವುದಲ್ಲ. ಕಾಯಿಯನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಬಿಡಬೇಕು, ಒಳಗೆ ನೀರು ಹಿಂಗಿ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ಎಂದು ತಿಳಿಯಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಮಾಲಿನಿಗೆ ಕಿವಿಯ ಹತ್ತಿರ ತರುವುದೂ ಬೇಡ. ಗಂಡಸಿ ಕಡೆಯಿಂದ ಲಾರಿ ಬರುತ್ತಿದ್ದರೆ, ಅದಿನ್ನೂ ತಿರುವಿನಲ್ಲಿ ಇರುವಾಗಲೇ ಇವಳು ಅಂಗಡಿಯೊಳಗಿಂದ, "ಅದರಲ್ಲಿ ಹದಿನೇಳು ಕಾಯಿ ಹಸಿ ಅವೆ, ವಾಪಸ್ ಕಳಿಸಿ" ಅನ್ನುತ್ತಾಳೆ. ಎಣಿಸಿ ನೋಡಿದರೆ ಹದಿನೆಂಟು ಇರುತ್ತವೆ. ಆ ಒಂದು ದಾರಿಯಲ್ಲಿ ಹಸಿಯಾಗಿದ್ದು.

ಇಂಥವಳಿಗೆ ಮೂವತ್ತೊಂದು ತುಂಬಿದರೂ ಮದುವೆಯಾಗಿರಲಿಲ್ಲ. ಅವಳ ತಾಯಿ ಕಾಂತಮ್ಮ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದವಳು ಮೊದಲು ನನಗೆ ಫೋನ್ ಮಾಡುತ್ತಿದ್ದಳು. "ಉಗ್ರಣ್ಣ, ಶಿವನಿಗೆ ಹೇಳಿದ್ದೀನಿ, ಇನ್ನು ನಿನಗೆ ಹೇಳೋದೊಂದು ಬಾಕಿ."

ನಮ್ಮ ಕಡೆ ಈಗೀಗ ಹೆಣ್ಣು ನೋಡುವುದಕ್ಕೆ ಸೀದಾ ಮನೆಗೆ ಬರುವುದಿಲ್ಲ. ಮನೆಗೆ ಬಂದು, ಉಪ್ಪಿಟ್ಟು ಕೇಸರಿಬಾತು ತಿಂದು, ಒಲ್ಲೆ ಅಂತ ಹೋದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಅದಕ್ಕೇ ಮೊದಲು ಯಾವುದಾದರೂ ಗುಡಿ. ಎರಡೂ ಕಡೆಯವರು ದೇವರು ನೋಡಲು ಬಂದವರ ಹಾಗೆ ಬರಬೇಕು, ಆಕಸ್ಮಿಕವಾಗಿ ಎದುರಾಗಬೇಕು, "ಓಹೋ, ನೀವೂ ಬಂದಿದ್ದೀರಾ" ಅನ್ನಬೇಕು. ಅಲ್ಲಿಯ ತನಕ ಒಬ್ಬರಿಗೊಬ್ಬರು ಫೋನ್ ಮಾಡುವ ಹಾಗಿಲ್ಲ, ನಂಬರ್ ಇಟ್ಟುಕೊಳ್ಳುವ ಹಾಗೂ ಇಲ್ಲ. ಏನಿದ್ದರೂ ನಡುವಿನವನ ಮೂಲಕ. ಆ ನಡುವಿನವನೇ ನಾನು.

ಮಾಲಿನಿಯನ್ನು ಹೀಗೆ ಎರಡು ಸಲ ನೋಡಿದ್ದಾಗಿತ್ತು, ಎರಡು ಸಲವೂ ಬೇಲೂರಿನಲ್ಲಿ. ಮೊದಲನೆಯ ಹುಡುಗ ಒಮ್ಮೆ ಇವಳನ್ನು ನೋಡುತ್ತಿದ್ದ, ಒಮ್ಮೆ ತಲೆಯೆತ್ತಿ ಕನ್ನಡಿ ಹಿಡಿದ ಶಿಲಾಬಾಲಿಕೆಯನ್ನು ನೋಡುತ್ತಿದ್ದ. ಒಂಬೈನೂರು ವರ್ಷದಿಂದ ಹೊಟ್ಟೆ ಒಳಗೆ ಎಳಕೊಂಡು ನಿಂತವಳ ಪಕ್ಕದಲ್ಲಿ ನಿಲ್ಲಿಸಿದರೆ ಯಾವ ಹೆಣ್ಣು ತಾನೇ ಸರಿ ಕಂಡಾಳು? ಹುಡುಗಿ ಸ್ವಲ್ಪ ದಪ್ಪ ಎಂದು ಹೇಳಿ ಕಳಿಸಿದರು. ಎರಡನೆಯವರು ಕೊಬ್ಬರಿ ಅಂಗಡಿ ಮುಚ್ಚಿದರೆ ಆಗಬಹುದು ಅಂದರು. ಮಾಲಿನಿಯೇ ಬೇಡ ಅಂದಳು.

ಮೂರನೆಯದು ಅರೇಹಳ್ಳಿಯ ಶರತ್. ಪಂಪ್‌ಸೆಟ್, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ರಿಪೇರಿ ಮಾಡುವ ಅಂಗಡಿ ಇಟ್ಟವನು, ಮೂವತ್ತನಾಲ್ಕು ವರ್ಷ. ಅಪ್ಪ ಇಲ್ಲ. ದೊಡ್ಡಪ್ಪ ರೇವಣಸಿದ್ದಪ್ಪನವರೇ ಮನೆಯ ಹಿರಿಯರು. ಈ ಹುಡುಗ ನನ್ನ ಮೂಲಕ ಒಂದು ಮಾತು ಹೇಳಿ ಕಳಿಸಿದ್ದ: ಅವರು ಅಂಗಡಿ ಬಿಡುವುದು ಬೇಡ, ನನ್ನದು ರಿಪೇರಿ ಕೆಲಸ, ಕೆಟ್ಟು ನಿಲ್ಲುವ ಮಿಷನ್ನು ಎಲ್ಲ ಊರಲ್ಲೂ ಇರುತ್ತವೆ, ನಾನೇ ಅರಸೀಕೆರೆಗೆ ಬರುತ್ತೇನೆ.

ಅದನ್ನು ಕೇಳಿದಾಗ ಮಾಲಿನಿ ಚೀಲದ ಬಾಯಿ ಹೊಲಿಯುತ್ತಿದ್ದಳು. ದಬ್ಬಳ ಕೈಯಲ್ಲೇ ನಿಂತಿತು.

"ಇದು ನಿಜವಾ ಮಾಮ, ಇಲ್ಲಾ ನಿಮ್ಮ ಮಸಾಲೆನಾ?"

"ನನ್ನ ಮೊಮ್ಮಕ್ಕಳಾಣೆ."

"ನಿಮಗೆ ಮೊಮ್ಮಕ್ಕಳಿಲ್ಲ." ದಬ್ಬಳ ಮತ್ತೆ ಚೀಲಕ್ಕೆ ಚುಚ್ಚಿದಳು. "ಆಯ್ತು, ಬರ್ತೀನಿ. ಆದ್ರೆ ಇದೇ ಕೊನೆ. ಇದೂ ತಪ್ಪಿದ್ರೆ ಇನ್ನು ಯಾರ ಮುಂದೇನೂ ಹೋಗಿ ನಿಲ್ಲಲ್ಲ. ಅಮ್ಮನ ಮುಂದೆ ಆಣೆ ಮಾಡಿದ್ದೀನಿ."

ಮಾಲಿನಿ ಒಂದು ಸಲ ಹೇಳಿದರೆ ಮುಗಿಯಿತು. ಅದು ಕಾಂತಮ್ಮನಿಗೂ ಗೊತ್ತು, ನನಗೂ ಗೊತ್ತು. ಹಾಗಾಗಿ ಆ ಗುರುವಾರ ತಪ್ಪಿದರೆ ಎಲ್ಲಾ ತಪ್ಪಿದ ಹಾಗೆ.

ಇನ್ನು ಯಾವ ಗುಡಿ ಎನ್ನುವ ಪ್ರಶ್ನೆ. ಅರಸೀಕೆರೆಯಲ್ಲೇ ಈಶ್ವರನ ಗುಡಿ ಇದೆ, ಹೊಯ್ಸಳರದ್ದೇ, ನಕ್ಷತ್ರದ ಹಾಗೆ ಕಟ್ಟಿದ ಮಂಟಪ. ಆದರೆ ಅಲ್ಲಿ ರಿಟೈರಾದವರೆಲ್ಲ ಬಂದು ಕೂತಿರುತ್ತಾರೆ. ಹೆಣ್ಣು ಗಂಡಿನ ಕಣ್ಣು ಕೂಡುವ ಮೊದಲೇ ಅವರು ನಾಮಕರಣಕ್ಕೆ ಹೆಸರು ಹುಡುಕಿರುತ್ತಾರೆ. ಅದು ಬೇಡ ಎಂದಾಯಿತು. ಉಳಿದಿದ್ದು ಎರಡು.

ಕಾಂತಮ್ಮ ಅಂದಳು, "ಹಳೇಬೀಡು. ಶಿವನ ಸ್ಥಳ. ಆ ಬೇಲೂರು ಗೊಂಬೆಗಳ ಮುಂದೆ ನನ್ನ ಮಗಳನ್ನ ಇನ್ನೊಂದು ಸಲ ನಿಲ್ಲಿಸಲ್ಲ."

"ಆಗಲಿ ತಂಗಿ, ಹಳೇಬೀಡೇ" ಅಂದೆ.

ರೇವಣಸಿದ್ದಪ್ಪನವರು ಅಂದರು, "ಬೇಲೂರು ಇಡಿ ಉಗ್ರಪ್ಪನೋರೆ. ಹಳೇಬೀಡಲ್ಲಿ ಭಿನ್ನವಾದ ಮೂರ್ತಿಗಳು ಜಾಸ್ತಿ. ಶುಭಕಾರ್ಯ ಅಲ್ಲಿ ಶುರು ಮಾಡೋದು ಬೇಡ."

"ಆಗಲಿ ಸ್ವಾಮಿ, ಬೇಲೂರೇ" ಅಂದೆ.

ಇದರಲ್ಲಿ ಮೋಸವೇನಿಲ್ಲ. ನನ್ನ ಪದ್ಧತಿಯೇ ಹಾಗೆ. ಮೊದಲು ಎಲ್ಲರಿಗೂ ಹ್ಞೂಂ ಅನ್ನಬೇಕು, ಕಡೆಗೆ ಒಬ್ಬರನ್ನು ಬಗ್ಗಿಸಬೇಕು. ಬುಧವಾರ ಸಂಜೆ ಬಗ್ಗಿಸಲು ಕೂತೆ. ಮೊದಲು ರೇವಣಸಿದ್ದಪ್ಪನವರಿಗೆ ಫೋನ್ ಮಾಡಿ, ಹುಡುಗಿಯ ತಾಯಿ ಬೇಲೂರು ಬೇಡ ಅಂತಾರೆ, ದೊಡ್ಡ ಮನಸ್ಸು ಮಾಡಿ ಹಳೇಬೀಡಿಗೆ ಬನ್ನಿ ಎಂದು ಬೇಡಿಕೊಂಡೆ. ಅವರ ದನಿ ಹಲಗೆಯ ಹಾಗೆ ಗಟ್ಟಿ. "ಮನೇಲಿ ಕೇಳಿ ಹೇಳ್ತೀನಿ" ಅಂದು ಇಟ್ಟರು. ಇವರು ಬಗ್ಗುವ ಪೈಕಿ ಅಲ್ಲ ಎಂದು ತೀರ್ಮಾನಿಸಿ ಕಾಂತಮ್ಮನ ಮನೆಗೆ ನಡೆದೆ. ಅವಳು ಒಂದು ಗಂಟೆ ಜಗಳವಾಡಿದಳು. ಕೊನೆಗೆ ಮಾಲಿನಿಯೇ, "ಬಿಡಮ್ಮ, ಆ ಕಲ್ಲಿನ ಹುಡುಗಿಯರಿಗೆ ನಾನು ಹೆದರ್ತೀನಾ? ಬೇಲೂರೇ ಆಗಲಿ" ಅಂದಳು. ಕಾಂತಮ್ಮ ಒಪ್ಪಿದಳು.

ರೇವಣಸಿದ್ದಪ್ಪನವರು ಮೊದಲಿಂದ ಕೇಳಿದ್ದು ಬೇಲೂರೇ ತಾನೇ, ಅವರಿಗೆ ಮತ್ತೆ ಫೋನ್ ಮಾಡಿ ಯಾಕೆ ಕೆಣಕಬೇಕು ಎಂದು ಹೋಗಿ ಮಲಗಿದೆ.

ಗುರುವಾರ ಎಂಟೂವರೆಗೆ ಮಾಲಿನಿಯ ಓಮ್ನಿಯಲ್ಲಿ ಮೂರು ಜನ ಹೊರಟೆವು. ಓಡಿಸಿದವಳು ಅವಳೇ. ಹಸಿರು ರೇಷ್ಮೆ ಸೀರೆ, ಒಂದು ಮೊಳ ಮಲ್ಲಿಗೆ. ಆದರೂ ಗಾಡಿಯೊಳಗೆ ಗಮಗುಟ್ಟುತ್ತಿದ್ದದ್ದು ಕೊಬ್ಬರಿ. ಹಿಂದಿನ ಸೀಟಿನಲ್ಲಿ ಕಾಂತಮ್ಮ ವಿಭೂತಿ ಹಚ್ಚಿಕೊಂಡು ಕೂತಿದ್ದಳು, ಬಾಯಲ್ಲಿ ಷಡಕ್ಷರಿ ಮಂತ್ರ. ಒಂದೂವರೆಗೆ ರಾಹುಕಾಲ, ಅಷ್ಟರೊಳಗೆ ನೋಡುವ ಶಾಸ್ತ್ರ ಮುಗಿಯಬೇಕು, ಇಲ್ಲವಾದರೆ ರೇವಣಸಿದ್ದಪ್ಪನವರು ಮುಖ ಎತ್ತುವುದಿಲ್ಲ. ಹನ್ನೊಂದಕ್ಕೆ ಎಂದು ಗೊತ್ತು ಮಾಡಿದ್ದೆ. ಅರಸೀಕೆರೆಯಿಂದ ಬೇಲೂರಿಗೆ ಹೋಗುವಾಗ ಹಳೇಬೀಡಿನ ಮೇಲೇ ಹೋಗಬೇಕು. ಗುಡಿಯ ಮುಂದೆ ಹಾದಾಗ ಕಾಂತಮ್ಮ ಕಿಟಕಿಯಿಂದ ಕೈ ಮುಗಿದು, "ನಿನ್ನ ಬಿಟ್ಟು ಹೋಗ್ತಿದ್ದೀನಿ, ತಪ್ಪು ತಿಳೀಬೇಡಪ್ಪ" ಅಂದಳು. ಊರು ದಾಟಿದ ಮೇಲೆ ಒಂದು ಇಕ್ಕಟ್ಟಿನ ತಿರುವಿನಲ್ಲಿ ಎದುರಿನಿಂದ ಬಿಳಿ ಕಾರೊಂದು ಬಂತು. ಮಾಲಿನಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಕಾರಿನ ಮುಂದಿನ ಸೀಟಿನಲ್ಲಿದ್ದ ಪೇಟದ ಯಜಮಾನರು ಕೈಯೆತ್ತಿ ಉಪಕಾರ ಅಂದರು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ನಾನೂ ಕೈಯೆತ್ತಿದೆ.

ಬೇಲೂರು ತಲುಪಿದಾಗ ಹತ್ತು ಗಂಟೆ ಇಪ್ಪತ್ತು ನಿಮಿಷ. ಚಪ್ಪಲಿ ಬಿಟ್ಟು ಗೋಪುರ ದಾಟಿದೆವು. ದೇವರ ದರ್ಶನ ಮಾಡಿ, ದರ್ಶನಕ್ಕೇ ಬಂದವರ ಹಾಗೆ ಪ್ರಾಂಗಣದಲ್ಲಿ ತಿರುಗಲು ಶುರು ಮಾಡಿದೆವು. ಹನ್ನೊಂದಾಯಿತು. ಹನ್ನೊಂದೂವರೆ ಆಯಿತು. ಗುಡಿಯನ್ನು ಎಷ್ಟು ಸುತ್ತು ಹಾಕಿದೆವೆಂದರೆ ಗೋಡೆಯ ಮೇಲಿನ ಆನೆಗಳು ನಮ್ಮನ್ನು ಗುರುತು ಹಿಡಿದು ಸೊಂಡಿಲು ಎತ್ತುತ್ತಿದ್ದವು. ಒಬ್ಬ ಗೈಡು ಮೂರು ಸಲ ಬಂದು ಕೇಳಿ, ನಾಲ್ಕನೇ ಸಲ ಅನುಮಾನದಿಂದ ನೋಡಿ ಹೋದ. ಹಾಸುಗಲ್ಲು ಕಾದು ಹೆಂಚಾಗಿತ್ತು.

ಕಾಂತಮ್ಮ ಮಾತಾಡುವುದು ನಿಲ್ಲಿಸಿದ್ದಳು. ಅದೇ ಭಯ. ಬಯ್ಯುವ ಕಾಂತಮ್ಮನನ್ನು ನಾನು ಮೂವತ್ತು ವರ್ಷದಿಂದ ಬಲ್ಲೆ. ಸುಮ್ಮನಿರುವವಳ ಪರಿಚಯ ನನಗಿರಲಿಲ್ಲ. ರೇವಣಸಿದ್ದಪ್ಪನವರಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮಾಲಿನಿ ಆ ಕನ್ನಡಿ ಹಿಡಿದವಳ ಕೆಳಗೇ ಕೈ ಕಟ್ಟಿ ನಿಂತಿದ್ದಳು. ಮುಡಿದ ಮಲ್ಲಿಗೆ ಬಾಡಿತ್ತು.

"ಬರಲ್ಲ ಅನ್ಸುತ್ತೆ ಅಲ್ವಾ ಮಾಮ?" ಅಂದಳು. ದನಿ ಸಮನಾಗಿತ್ತು. ಹಾಗೆ ಸಮ ಮಾಡಲು ಅವಳಿಗೆ ಎಷ್ಟು ಕಷ್ಟವಾಯಿತು ಎಂದು ಅವಳ ಕುತ್ತಿಗೆಯ ನರ ಹೇಳುತ್ತಿತ್ತು.

ಆಗ ನನ್ನ ಫೋನ್ ಹೊಡೆದುಕೊಂಡಿತು. ರೇವಣಸಿದ್ದಪ್ಪನವರೇ. ಹತ್ತು ಹೆಜ್ಜೆ ದೂರ ಹೋಗಿ ಎತ್ತಿದೆ.

"ಎಲ್ಲಿದ್ದೀರಿ ಉಗ್ರಪ್ಪನೋರೆ? ಹತ್ತೂವರೆಯಿಂದ ದೊಡ್ಡ ಬಸವಣ್ಣನ ಮುಂದೆ ಕೂತಿದ್ದೀವಿ. ಗುಡಿ ಅಂತ ಫೋನ್ ಸೈಲೆಂಟ್ ಮಾಡಿದ್ದೆ, ಈಗ ನೋಡ್ದೆ."

ಬೇಲೂರಿನಲ್ಲಿ ದೊಡ್ಡ ಬಸವಣ್ಣ ಎಲ್ಲಿದ್ದಾನೆ? ಅಲ್ಲಿ ಕೈಮುಗಿದು ನಿಂತಿರುವವನು ಗರುಡ. ದೊಡ್ಡ ಬಸವಣ್ಣ ಇರುವುದು ಹಳೇಬೀಡಿನಲ್ಲಿ. ಹಣೆ ಚಚ್ಚಿಕೊಂಡೆ; ಅದರ ಸದ್ದಿಗೆ ಗೋಪುರದ ಪಾರಿವಾಳಗಳು ಹಾರಿದವು. ಬೆಳಿಗ್ಗೆಯ ಪೇಟದ ಯಜಮಾನರೂ ನೆನಪಾದರು.

ನಿಜ ಹೇಳಬಹುದಿತ್ತು. ಆದರೆ ನನ್ನ ನಾಲಿಗೆ ನನ್ನನ್ನು ಕೇಳಿ ಹೊರಡುವುದಿಲ್ಲ. "ಬಂದ್ವಿ ಬಂದ್ವಿ ಸ್ವಾಮಿ, ಗಾಡಿ ನಿಲ್ಲಿಸ್ತಾ ಇದ್ದೀವಿ" ಅಂದುಬಿಟ್ಟಿತು. ಇತ್ತ ಬಂದು ಕಾಂತಮ್ಮನಿಗೆ, "ಬಂದ್ರು ಬಂದ್ರು ತಂಗಿ, ಗಾಡಿ ನಿಲ್ಲಿಸ್ತಾ ಇದ್ದಾರೆ" ಅಂದಿತು.

ಕಾಂತಮ್ಮ ಮಗಳ ಸೆರಗು ಸರಿಪಡಿಸಿದಳು. ಐದು ನಿಮಿಷ. ಹತ್ತು ನಿಮಿಷ. ನಾನು ಒಂದು ಉಪಾಯಕ್ಕಾಗಿ ಆಕಾಶ ನೋಡುತ್ತಿದ್ದೆ. ಗಂಟೆ ಹನ್ನೆರಡು ದಾಟಿತು.

"ಗಾಡಿ ನಿಲ್ಲಿಸ್ತಾ ಇದ್ದಾರೋ, ಗಾಡಿ ಮಾಡಿಸ್ತಾ ಇದ್ದಾರೋ?" ಅಂದಳು ಮಾಲಿನಿ.

"ಜನ ಜಾಸ್ತಿ ಕಣಮ್ಮ, ಜಾಗ ಸಿಕ್ಕಿಲ್ಲ. ಅಲ್ಲಿ ತನಕ... ಒಂದು ಕೆಲಸ ಮಾಡೋಣ್ವಾ? ಸುಮ್ನೆ ಹಂಗೆ ಹಳೇಬೀಡಿಗೆ ಹೋಗಿ..."

ಅವಳು ನನ್ನ ಮುಖವನ್ನೇ ನೋಡಿದಳು. ಆ ನೋಟ ಕಾಯಿ ಅಲ್ಲಾಡಿಸುವಾಗಿನದ್ದು. ಒಳಗೆ ಏನು ಬಿಟ್ಟುಕೊಂಡಿದೆ ಎಂದು ತಿಳಿಯಿತು ಅನ್ನಿಸುತ್ತದೆ.

"ಫೋನ್ ಕೊಡಿ ಮಾಮ."

ಕೊಟ್ಟೆ. ರೇವಣಸಿದ್ದಪ್ಪನವರು ದಿನಾ ಬೆಳಿಗ್ಗೆ ಆರಕ್ಕೆ ನನಗೆ ಒಂದು ಗುಲಾಬಿ ಹೂವಿನ ಚಿತ್ರ, ಮೇಲೆ ಶುಭೋದಯ, ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ಆರು ತಿಂಗಳಲ್ಲಿ ನನ್ನ ಫೋನಿನಲ್ಲಿ ಲಾಲ್‌ಬಾಗೇ ಬೆಳೆದಿತ್ತು, ನಾನು ತೆರೆದು ನೋಡುವುದನ್ನು ಬಿಟ್ಟು ಕಾಲವಾಗಿತ್ತು. ಮಾಲಿನಿ ತೆರೆದಳು. ಆವತ್ತಿನ ಗುಲಾಬಿಯ ಕೆಳಗೆ ಒಂದು ವಾಯ್ಸ್ ಮೆಸೇಜು. ಒತ್ತಿದಳು. ಆ ಹಲಗೆ ದನಿ ಪ್ರಾಂಗಣದ ಮಧ್ಯೆ ಕೇಳಿತು:

"ಶರಣು ಉಗ್ರಪ್ಪನೋರೆ. ರಾತ್ರಿ ಯೋಚನೆ ಮಾಡ್ದೆ. ಆ ತಾಯಿ ಬೇಲೂರು ಬೇಡ ಅಂತಾರೆ ಅಂದ್ರೆ ಮನಸ್ಸಿಗೆ ಏನೋ ನೋವಾಗಿರಬೇಕು. ಭಿನ್ನ ಆಗಿರೋದು ಕಲ್ಲು, ದೇವರಲ್ಲ. ಶರತನೂ ಹಂಗೇ ಅಂದ. ನಾವು ಹಳೇಬೀಡಿಗೇ ಬರ್ತೀವಿ, ಅವರಿಗೆ ತಿಳಿಸಿಬಿಡಿ."

ಕಾಂತಮ್ಮ ಮೊದಲು ಫೋನ್ ನೋಡಿದಳು, ಆಮೇಲೆ ನನ್ನನ್ನು.

"ಅಂದ್ರೆ ಅವರು ನಮಗೋಸ್ಕರ ಅಲ್ಲಿಗೆ ಹೋಗವ್ರೆ. ನಾವು ಅವರಿಗೋಸ್ಕರ ಇಲ್ಲಿಗೆ ಬಂದಿದ್ದೀವಿ. ಅಲ್ಲಾ ಉಗ್ರಣ್ಣ, ಬಸ್ಸಲ್ಲಿ ಟಿಕೆಟ್ ಹರಿಯುವಾಗಲೂ ನೀನು ಇಬ್ಬರಿಗೆ ಒಂದೇ ಸೀಟು ತೋರಿಸ್ತಿದ್ಯಾ?"

"ತಂಗಿ, ನಾನು..."

"ಬಾಯಿ ಮುಚ್ಚು. ನಿನ್ನ ಬಾಯಿ ಮುಚ್ಚಿದ್ರೆ ಊರಲ್ಲಿ ಇನ್ನೂ ನೂರು ಮದುವೆ ಆಗ್ತವೆ."

ಜೀವಮಾನದಲ್ಲಿ ಮೊದಲ ಸಲ ಮುಚ್ಚಿದೆ. ಆಗ ಫೋನ್ ಮತ್ತೆ ಹೊಡೆದುಕೊಂಡಿತು. ಅವರೇ. ಮಾಲಿನಿ ಎತ್ತದೆ ತಾಯಿಯನ್ನು ನೋಡಿದಳು. ಹೆಣ್ಣು ನೋಡುವ ಮೊದಲು ಹೆಣ್ಣೇ ಗಂಡಿನ ಕಡೆಯವರ ಜೊತೆ ಮಾತಾಡುವುದು ಉಂಟೇ? ಕಾಂತಮ್ಮನ ತುಟಿ ಅಲುಗಿತು.

"ಬೇಡ ಕಣೇ. ಹೆಣ್ಣಿನ ಕಡೆಯೋರು ಗಂಡನ್ನ ಹುಡುಕ್ಕೊಂಡು ಓಡಿದ್ರು ಅಂತಾರೆ."

"ಇಲ್ಲೇ ನಿಂತ್ರೆ, ಬರದೇ ಮೋಸ ಮಾಡಿದ್ರು ಅಂತಾರೆ. ಯಾವುದು ಬೇಕಮ್ಮ?"

ಉತ್ತರಕ್ಕೆ ಕಾಯದೆ ಎತ್ತಿದಳು. "ನಮಸ್ಕಾರ ಸರ್, ನಾನು ಮಾಲಿನಿ... ಹೌದು ಸರ್, ಹುಡುಗೀನೇ. ನಾವು ಬೇಲೂರಲ್ಲಿದ್ದೀವಿ. ನಿಮ್ಮ ಮೆಸೇಜು ಈಗ ಕೇಳಿದ್ವಿ. ನೀವು ನಮ್ಮ ಮಾತು ಉಳಿಸೋಕೆ ಅಲ್ಲಿಗೆ ಬಂದ್ರಿ, ನಾವು ನಿಮ್ಮ ಮಾತು ಉಳಿಸೋಕೆ ಇಲ್ಲಿಗೆ ಬಂದ್ವಿ. ಯಾರೂ ಯಾರಿಗೂ ಮೋಸ ಮಾಡಿಲ್ಲ. ಈಗ ಹನ್ನೆರಡೂ ಇಪ್ಪತ್ತು. ಹದಿನಾರು ಕಿಲೋಮೀಟರ್. ನಾನೇ ಓಡಿಸ್ಕೊಂಡು ಬರ್ತಾ ಇದ್ದೀನಿ, ಇರ್ತೀರಾ?"

ಆ ಕಡೆ ಅವರು ಶರತನ ಜೊತೆ ಎಷ್ಟು ಹೊತ್ತು ಗುಸುಗುಸು ಮಾಡಿದರೆಂದರೆ, ಆ ಹೊತ್ತಿನಲ್ಲಿ ಹೊಯ್ಸಳರು ಇನ್ನೊಂದು ಗುಡಿ ಕಟ್ಟಬಹುದಿತ್ತು.

"ಒಂದೂವರೆ ತನಕ ಇರ್ತೀವಿ" ಅಂದರು ಕಡೆಗೆ. "ಆಮೇಲೆ ಒಂದು ನಿಮಿಷಾನೂ ಇಲ್ಲ. ರಾಹುಕಾಲದಲ್ಲಿ ನಾನು ಉಗುರೂ ಕತ್ತರಿಸಲ್ಲಮ್ಮ."

ಓಡಿದೆವು. ಕಾಂತಮ್ಮ ಮಂಡಿನೋವನ್ನು ಗುಡಿಯಲ್ಲೇ ಬಿಟ್ಟು ಓಡಿದಳು. ಮಾಲಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಗೇರು ಹಾಕಿದಳು. ಪೇಟೆ ದಾಟಲು ಹತ್ತು ನಿಮಿಷ ಹೋಯಿತು. ಒಂದು ಟೂರಿಸ್ಟ್ ಬಸ್ಸು ರಸ್ತೆಗೆ ಅಡ್ಡ ನಿಂತು ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ಧ್ಯಾನ ಮಾಡುತ್ತಿತ್ತು. ಆಮೇಲೆ ದಾರಿ ಬಿಟ್ಟಿತು. ಅರ್ಧ ದಾರಿ ಗಾಳಿಯಲ್ಲೇ ಹೋದೆವು, ಚಕ್ರ ನೆಲ ಮುಟ್ಟಿದ್ದು ನನಗೆ ನೆನಪಿಲ್ಲ. ಹನ್ನೆರಡೂ ನಲವತ್ತೆಂಟಕ್ಕೆ ಹಳೇಬೀಡು ಇನ್ನು ಏಳು ಕಿಲೋಮೀಟರ್ ಎಂಬ ಕಲ್ಲು ಕಂಡಿತು. ಅಲ್ಲೇ ರಸ್ತೆಯ ಉದ್ದಕ್ಕೂ ಹುರುಳಿ ಗಿಡ ಹಾಸಿದ್ದರು, ಹೋಗುವ ಬರುವ ಗಾಡಿ ತುಳಿದು ಕಾಳು ಉದುರಲಿ ಎಂದು. ಆಚೆ ಈಚೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಮಂಡಿಯುದ್ದದ ಗಿಡ, ದಪ್ಪ ಹಾಸಿಗೆ. ಕೈಯಲ್ಲಿ ಕವೆಗೋಲು ಹಿಡಿದ ಒಬ್ಬ ಅಜ್ಜಿ ಅಡ್ಡ ಬಂದಳು.

"ನಿಧಾನಕ್ ಹೋಗವ್ವಾ, ಸೆಂದಾಗಿ ತುಳೀಲಿ! ಏನ್ ತೇರು ಹೊಂಟೈತಾ?"

"ಅಜ್ಜೀ, ಅರ್ಜೆಂಟು!"

"ಹುರುಳಿಗೂ ಅರ್ಜೆಂಟೇಯ!"

ನುಗ್ಗಿಸಿದಳು. ನೂರು ಗಜ ಹೋಗಿರಬೇಕು, ಗಾಡಿಯ ಹೊಟ್ಟೆಯೊಳಗೆ ಗರಗರ ಎಂದು, ಆಮೇಲೆ ಜಗ್ಗಿದ ಹಾಗಾಗಿ, ನಿಂತಿತು. ಸುಟ್ಟ ವಾಸನೆ. ಮಾಲಿನಿ ಇಳಿದು ಬಗ್ಗಿ ನೋಡಿದಳು.

"ಶಾಫ್ಟಿಗೆ ಗಿಡ ಸುತ್ತಿಕೊಂಡಿದೆ."

ಹನ್ನೆರಡೂ ಐವತ್ತೆರಡು. ಕಾಂತಮ್ಮ ರಸ್ತೆ ಬದಿಯಲ್ಲಿ ನಿಂತು ಹಳೇಬೀಡಿನ ದಿಕ್ಕಿಗೆ ತಿರುಗಿ ಕಣ್ಣು ಮುಚ್ಚಿದಳು. ನಾನು ಬರುವ ಗಾಡಿಗಳಿಗೆ ಕೈ ಅಡ್ಡ ಹಿಡಿದೆ. ಬಂದ ಒಂದು ಆಟೋದ ತುಂಬಾ ಜನ, ಒಂದು ಬೈಕಿನಲ್ಲಿ ಆಗಲೇ ಮೂರು ಜನ. ಮಾಲಿನಿ ಅಜ್ಜಿಯ ಕಡೆ ಓಡಿ ಕುಡುಗೋಲು ಇಸಕೊಂಡು ಬಂದವಳೇ, ರೇಷ್ಮೆ ಸೀರೆಯಲ್ಲೇ ಗಾಡಿ ಕೆಳಗೆ ಮಲಗಿದಳು. ಕಾಣುತ್ತಿದ್ದದ್ದು ಎರಡು ಕಾಲು, ಕೇಳುತ್ತಿದ್ದದ್ದು ಕುಡುಗೋಲಿನ ಕರಕರ. ನಾನೊಂದು ಸಮಾಧಾನದ ಮಾತು ಹೇಳಲು ಬಗ್ಗಿದೆ.

"ಮಾಮ, ಮಾತಾಡಬೇಡಿ. ಟೈಮ್ ಎಷ್ಟು ಅಂತ ಮಾತ್ರ ಹೇಳಿ."

"ಒಂದು ಗಂಟೆ."

"ಈಗ?"

"ಒಂದೂ ಆರು."

ಒಂದೂ ಎಂಟಕ್ಕೆ ಎದ್ದಳು. ತಲೆ ತುಂಬಾ ಹುರುಳಿ ಹೊಟ್ಟು, ಬಲಗೈಯ ಮೇಲೆ ಉದ್ದಕ್ಕೆ ತರಚಿದ ಗಾಯ, ಸೀರೆಯ ಬೆನ್ನಿಗೆ ರಸ್ತೆಯ ಡಾಂಬರು. ಕಾಂತಮ್ಮ ನೋಡಿ, "ಅಯ್ಯೋ ಶಿವನೇ, ಈ ಅವತಾರದಲ್ಲಾ!" ಅಂದಳು. ಗಾಡಿ ಆಗಲೇ ಶುರುವಾಗಿತ್ತು.

ಹಳೇಬೀಡಿನ ಗುಡಿಯ ಮುಂದಿನ ಹುಲ್ಲುಹಾಸು ದಾಟುವಾಗ ನನ್ನ ಗಡಿಯಾರದಲ್ಲಿ ಒಂದೂ ಇಪ್ಪತ್ತೊಂದು. ಬಸವಣ್ಣನ ಮಂಟಪದಿಂದ ರೇವಣಸಿದ್ದಪ್ಪನವರು ಇಳಿದು ಬರುತ್ತಿದ್ದರು. ಪೇಟ, ಬಿಳಿ ಅಂಗಿ, ಕೈಯಲ್ಲಿ ಕಾರಿನ ಕೀ. ಹಿಂದೆ ಶರತ್, ಎತ್ತರದ ಆಳು, ಇಸ್ತ್ರಿ ಶರ್ಟು, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಗ್ರೀಸು. ಅವನ ತಾಯಿ, ಕೂತು ಪ್ರಯಾಣ ಆಗುವುದಿಲ್ಲವೆಂದು, ಊರಲ್ಲೇ ಉಳಿದಿದ್ದರು.

"ಓಹೋ, ನೀವೂ ಬಂದಿದ್ದೀರಾ" ಎನ್ನಬೇಕಾದ ಜಾಗದಲ್ಲಿ ಯಾರೂ ಏನೂ ಅನ್ನಲಿಲ್ಲ. ರೇವಣಸಿದ್ದಪ್ಪನವರು ಮಾಲಿನಿಯನ್ನು ತಲೆಯ ಹೊಟ್ಟಿನಿಂದ ಸೀರೆಯ ಡಾಂಬರಿನ ತನಕ ನೋಡಿದರು. ಆಮೇಲೆ ಗಡಿಯಾರ ನೋಡಿದರು.

"ನೋಡೋ ಶಾಸ್ತ್ರಕ್ಕೆ ಮುಂಚೆ ಹುಡುಗೀನೇ ಫೋನಲ್ಲಿ ಮಾತಾಡಿದ್ದು, ನನಗೆ ತಿಳಿದ ಹಾಗೆ ಇದೇ ಮೊದಲು" ಅಂದರು. ಹೊಗಳಿಕೆಯೋ ತೆಗಳಿಕೆಯೋ ತಿಳಿಯದ ದನಿ. ನಾನು ಬಾಯಿ ತೆರೆದೆ. ಮೂರು ಜನ ಒಟ್ಟಿಗೆ ನನ್ನ ಕಡೆ ನೋಡಿದರು. ಮುಚ್ಚಿದೆ. "ಏನಾದ್ರೂ ಕೇಳೋದಿದ್ರೆ ಕೇಳಪ್ಪ, ಒಂಬತ್ತು ನಿಮಿಷ ಇದೆ" ಅಂದರು ಅವರು ಶರತನಿಗೆ.

ಶರತ್ ಅವಳ ಕೈಯ ಗಾಯ ನೋಡುತ್ತಿದ್ದ. "ಹುರುಳೀನಾ?"

"ಹ್ಞೂಂ."

"ಚಕ್ರಕ್ಕಾ, ಶಾಫ್ಟಿಗಾ?"

"ಶಾಫ್ಟಿಗೆ."

"ಎಳೆದಿಲ್ಲ ತಾನೇ? ಎಳೆದ್ರೆ ಆಯಿಲ್ ಸೀಲ್ ಕಿತ್ತು ಬರುತ್ತೆ."

"ಅದಕ್ಕೇ ಕುಡುಗೋಲಲ್ಲಿ ಕುಯ್ದಿದ್ದು."

ಶರತನ ಮುಖ ಬೆಳಗಿದ್ದು ನೋಡಬೇಕಿತ್ತು. ಒಂಬತ್ತು ನಿಮಿಷದಲ್ಲಿ ಎರಡು ನಿಮಿಷ ಆಯಿಲ್ ಸೀಲಿಗೆ ಹೋಯಿತು. ನನ್ನ ಸರ್ವೀಸಿನಲ್ಲಿ ಇಂಥ ಪ್ರೇಮಸಲ್ಲಾಪ ಕೇಳಿರಲಿಲ್ಲ.

"ನಾನೊಂದು ಕೇಳ್ತೀನಿ" ಅಂದಳು ಮಾಲಿನಿ. "ಅಂಗಡಿ ಬಿಡೋದು ಬೇಡ, ನೀವೇ ಅರಸೀಕೆರೆಗೆ ಬರ್ತೀರಿ ಅಂತ ಉಗ್ರಪ್ಪ ಮಾಮ ಹೇಳಿದ್ರು. ಅದು ನೀವು ಹೇಳಿದ್ದಾ, ಇವರು ಸೇರಿಸಿದ್ದಾ?"

ಆ ಒಂದು ಮಾತಿಗೆ ಮಾತ್ರ ನಾನು ಸಾಸಿವೆಯಷ್ಟೂ ಒಗ್ಗರಣೆ ಹಾಕಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ನನ್ನ ಮೇಲೆ ನನಗೇ ನಂಬಿಕೆ ಉಳಿದಿರಲಿಲ್ಲ.

"ನಾನೇ ಹೇಳಿದ್ದು" ಅಂದ ಶರತ್. "ದೊಡ್ಡಪ್ಪನ ಮುಂದೆನೇ ಹೇಳಿದ್ದು."

ಮಾಲಿನಿ ತಲೆ ತಗ್ಗಿಸಿದಳು. ಬೆಳಿಗ್ಗೆಯಿಂದ ಮೊದಲ ಸಲ ಅವಳ ಭುಜ ಕೆಳಗಿಳಿಯಿತು. ಕೂದಲಿನಿಂದ ಒಂದು ಹುರುಳಿ ಸಿಪ್ಪೆ ತೆಗೆದು, ಎಲ್ಲಿ ಹಾಕುವುದೆಂದು ತಿಳಿಯದೆ ಬೆರಳಲ್ಲೇ ತಿರುಗಿಸುತ್ತ, ಅವನ ಕಡೆ ಒಮ್ಮೆ ನೋಡಿ ನಕ್ಕಳು.

ಒಂದೂ ಇಪ್ಪತ್ತಾರು. ರೇವಣಸಿದ್ದಪ್ಪನವರು ಕಾರಿನ ಕೀ ಕೈ ಬದಲಾಯಿಸಿದರು.

"ಸರಿ ಹಾಗಾದ್ರೆ. ನಾವು ಊರಿಗೆ ಹೋಗಿ ತಿಳಿಸ್ತೀವಿ."

ಆ ಮಾತು ಏನೆಂದು ನಮ್ಮ ಕಡೆ ಹೆಣ್ಣು ಹೆತ್ತವರನ್ನು ಕೇಳಬೇಕು. ಬೇಡ ಎಂದು ಮುಖದ ಮೇಲೆ ಹೇಳಲಾರದವರು ಹೇಳುವುದು ಅದನ್ನೇ. ಬೇಕು ಎಂದು ಹೇಳುವವರೂ ಮೊದಲು ಹೇಳುವುದು ಅದನ್ನೇ. ಯಾವುದೆಂದು ತಿಳಿಯಲು ವಾರಗಟ್ಟಲೆ ಫೋನಿನ ಪಕ್ಕದಲ್ಲಿ ಕೂತಿರಬೇಕು. ಕಾಂತಮ್ಮ ಮಗಳ ಕೈ ಹಿಡಿದುಕೊಂಡಳು, ಗಾಯದ ಮೇಲೇ ಹಿಡಿದಳು. ಮಾಲಿನಿ ಕೈ ಬಿಡಿಸಿಕೊಳ್ಳಲಿಲ್ಲ.

"ಊರಲ್ಲಿ ನನ್ನ ನೋಡಿದೋರು ಯಾರೂ ಇಲ್ವಲ್ಲ ಸರ್" ಅಂದಳು. "ನೋಡಿದೋರು ಇಲ್ಲೇ ನಿಂತಿದ್ದಾರೆ. ಇಲ್ಲೇ ಕೇಳಿ."

ರೇವಣಸಿದ್ದಪ್ಪನವರ ಹುಬ್ಬು ಪೇಟದೊಳಕ್ಕೆ ಹೋಯಿತು. ಒಂದು ಕ್ಷಣ ಎಲ್ಲ ಮುಗಿಯಿತು ಅಂದುಕೊಂಡೆ. ಅವರು ನಿಧಾನವಾಗಿ ಶರತನ ಕಡೆ ತಿರುಗಿದರು.

"ಏನಪ್ಪ?"

"ನಂಗೆ ಒಪ್ಪಿಗೆ ದೊಡ್ಡಪ್ಪ." ಕಿವಿ ಕೆಂಪಾಗಿತ್ತು. "ಅವ್ವಂಗೆ ನಾನು ಹೇಳ್ತೀನಿ."

ಕಾಂತಮ್ಮ ಅಲ್ಲೇ ಬಸವಣ್ಣನ ಮೆಟ್ಟಿಲ ಮೇಲೆ ಕುಸಿದು ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ರೇವಣಸಿದ್ದಪ್ಪನವರು ಇನ್ನೊಂದು ಸಲ ಗಡಿಯಾರ ನೋಡಿದರು, ಒಂದೂ ಇಪ್ಪತ್ತೆಂಟು. ಆ ಹಲಗೆ ಮುಖದಲ್ಲಿ ಒಂದು ಸೀಳು ಬಿಟ್ಟು, ಅದರೊಳಗಿಂದ ನಗು ಇಣುಕಿತು.

"ಸರಿ, ನಮ್ಮ ಹುಡುಗ ಒಪ್ಪಿದ. ರಾಹುಕಾಲಕ್ಕೆ ಇನ್ನೂ ಎರಡು ನಿಮಿಷ ಇದೆ. ನೀನೇನು ಹೇಳ್ತೀಯಮ್ಮ?"

ಮಾಲಿನಿ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ, ಕೊಡವಿ, ಹೆಗಲ ಮೇಲೆ ಹಾಕಿಕೊಂಡಳು. ಶರತನ ಕಡೆ ಕಣ್ಣಲ್ಲೇ ನಕ್ಕು, ದೊಡ್ಡವರಿಗೆ ಕೈ ಮುಗಿದಳು.

"ನಾವು ಊರಿಗೆ ಹೋಗಿ ತಿಳಿಸ್ತೀವಿ ಸರ್."